ಅಕ್ಕನ ಮಂಡಿಯ ಸಿಗ್ನಲ್

ನಮ್ಮ ಲಾಂಡ್ರಿ ಮುಂದಿನ ಸಿಗ್ನಲ್ ಸರ್ಕಾರದ್ದಲ್ಲ. ನಮ್ಮಕ್ಕನದು. ಅನುಮಾನ ಇದ್ದವರು ಅವಳ ಬಲಗಾಲಿನ ಮಂಡಿ ನೋಡಬಹುದು.

ಎರಡು ವರ್ಷದ ಹಿಂದೆ ಅಲ್ಲಿ ಸಿಗ್ನಲ್ ಇರಲಿಲ್ಲ. ಆರು ಸಾಲಿನ ರಸ್ತೆ. ಈ ಕಡೆ ಬಸ್ ಸ್ಟಾಪು, ಆ ಕಡೆ ಲಾಂಡ್ರಿ. ಒಂದು ಬೆಳಿಗ್ಗೆ ಅಕ್ಕ ಬಸ್ಸಿಳಿದು ದಾಟುವಾಗ ಒಂದು ಬಿಳಿ ಕಾರು ಅವಳನ್ನು ಎತ್ತಿ ನಡುವಿನ ಕಟ್ಟೆಗೆ ಬಡಿಯಿತು. ಕಾರಿನವನು ಇಳಿದು ಬಂದ. ಮೊದಲು ತನ್ನ ಕಾರಿನ ದೀಪ ನೋಡಿದ. ಆಮೇಲೆ ಅಕ್ಕನನ್ನು ನೋಡಿದ.

"ದಾಟೋಕೆ ಇದೇ ಜಾಗ ಸಿಕ್ತಾ?" ಎಂದ.

ಮೂರು ತಿಂಗಳು ಅಕ್ಕ ಮಂಚದ ಮೇಲಿದ್ದಳು. ಅವಳು ಎದ್ದು ಬರುವ ಹೊತ್ತಿಗೆ ರಸ್ತೆ ಇಲಾಖೆಯವರು ಬಿಳಿ ಪಟ್ಟೆ ಬಳಿದು, ಕಂಬ ನೆಟ್ಟು, ಒತ್ತುವ ಗುಂಡಿ ಇಟ್ಟಿದ್ದರು. ಗುಂಡಿ ಒತ್ತಿ ಎರಡು ನಿಮಿಷ ಕಾಯಬೇಕು. ಆಮೇಲೆ ಇಪ್ಪತ್ತು ಸೆಕೆಂಡು ಹಸಿರು. ಇಪ್ಪತ್ತು ಸೆಕೆಂಡಿಗೆ ನಾನು ದಾಟುತ್ತೇನೆ. ಅಕ್ಕ ಅರ್ಧ ದಾಟುತ್ತಾಳೆ. ಉಳಿದರ್ಧಕ್ಕೆ ನಡುವಿನ ಕಟ್ಟೆಯ ಮೇಲೆ ನಿಂತು ಮತ್ತೆ ಎರಡು ನಿಮಿಷ ಕಾಯುತ್ತಾಳೆ. ಹಿಂದೆ ಲಾರಿ, ಮುಂದೆ ಲಾರಿ.

"ಒಂದು ಮಂಡಿ ಕೊಟ್ಟು ಒಂದು ಸಿಗ್ನಲ್ ತಗೊಂಡೆ," ಎನ್ನುತ್ತಾಳೆ. "ಇನ್ನೊಂದು ಮಂಡಿ ಇದೆ. ಯಾರಿಗಾದ್ರೂ ಬೇರೇನಾದ್ರೂ ಬೇಕಿದ್ರೆ ಹೇಳಿ."

ನಾನೂ ಅಕ್ಕನೂ ಲಾಂಡ್ರಿಯಲ್ಲಿ ಜೋಡಿ. ಆಸ್ಪತ್ರೆಗಳ, ಹೋಟೆಲುಗಳ ಬೆಡ್‌ಶೀಟು ನಮ್ಮಲ್ಲಿಗೆ ಬರುತ್ತದೆ. ಇಸ್ತ್ರಿ ರೋಲರಿನಿಂದ ಬಿಸಿಬಿಸಿ ಹೊರಬಂದ ಶೀಟಿನ ಎರಡು ಮೂಲೆ ನಾನು ಹಿಡಿಯಬೇಕು, ಎರಡು ಮೂಲೆ ಅವಳು. ಜಾಡಿಸಬೇಕು. ಮುಂದೆ ಬಂದು ಮೂಲೆ ಕೊಡಬೇಕು, ಹಿಂದೆ ಹೋಗಬೇಕು, ಮತ್ತೆ ಬರಬೇಕು. ಅಂಗೈ ಸುಟ್ಟು ಸುಟ್ಟು ಚಪ್ಪಲಿಯಟ್ಟೆಯ ಹಾಗಾಗಿದೆ. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಮೂರರವರೆಗೆ ಇದೇ ನಡಿಗೆ. ಅಕ್ಕ ಕುಂಟಲು ಶುರು ಮಾಡಿದ ಮೇಲೆ ಅವಳ ಪಾಲಿನ ಹೆಜ್ಜೆಯನ್ನೂ ನಾನೇ ಹಾಕುತ್ತೇನೆ. ಯಾರಿಗೂ ಗೊತ್ತಾಗಿಲ್ಲ. ಗೊತ್ತಾಗಬಾರದು.

ಹೀಗಿರುವಾಗ ಕಂಬಕ್ಕೆ ಒಂದು ಹಲಗೆ ಬಂತು. ಬಳಕೆ ಇಲ್ಲದಿರುವುದರಿಂದ ಈ ಪಾದಚಾರಿ ಸಿಗ್ನಲನ್ನು ತೆಗೆದು ನಡುವೆ ಬೇಲಿ ಹಾಕಲಾಗುವುದು. ಆಕ್ಷೇಪಣೆ ಇದ್ದವರು ಕಚೇರಿಯಲ್ಲಿ ಸಲ್ಲಿಸುವುದು.

ಬಳಕೆ ಇಲ್ಲವೆಂದು ಇವರಿಗೆ ಹೇಗೆ ಗೊತ್ತಾಯಿತು? ಎಣಿಸಿದ್ದರಂತೆ. ಯಾವಾಗ? ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು. ನಾವು ಆರಕ್ಕೇ ದಾಟಿ ಒಳಗೆ ಹೋಗಿರುತ್ತೇವೆ. ಎರಡು ಗಂಟೆಯಲ್ಲಿ ಅವರಿಗೆ ಸಿಕ್ಕಿದ್ದು ಹತ್ತೊಂಬತ್ತು ಜನ. ಊಟ ಮುಗಿದ ಮೇಲೆ ಬಂದು ಎಲೆ ಖಾಲಿ ಇದೆ, ಇಲ್ಲಿ ಯಾರೂ ಉಣ್ಣೋದಿಲ್ಲ ಅಂದ ಹಾಗಾಯಿತು.

ಸಿಗ್ನಲ್ ಹೋದರೆ ಉಳಿಯುವುದು ಒಂದೂವರೆ ಕಿಲೋಮೀಟರ್ ಮುಂದಿನ ಮೇಲ್ಸೇತುವೆ. ಎಪ್ಪತ್ತೆರಡು ಮೆಟ್ಟಿಲು ಹತ್ತಬೇಕು, ಎಪ್ಪತ್ತೆರಡು ಇಳಿಯಬೇಕು, ಮತ್ತೆ ಒಂದೂವರೆ ಕಿಲೋಮೀಟರ್ ವಾಪಸು ನಡೆಯಬೇಕು. ಅಕ್ಕನಿಗೆ ಮನೆಯ ಮೂರು ಮೆಟ್ಟಿಲಿಗೇ ಗೋಡೆ ಬೇಕು. ಸಿಗ್ನಲ್ ಹೋದ ದಿನ ಅವಳ ಕೆಲಸವೂ ಹೋಯಿತು. ಅಷ್ಟೇ ವಿಷಯ.

ನಮ್ಮ ಸೂಪರ್‌ವೈಸರ್ ಬಳಿ ಹೇಳಿದೆವು. ಅವನ ಕೊರಳಲ್ಲಿ ಯಾವಾಗಲೂ ಒಂದು ಸೀಟಿ ತೂಗುತ್ತಿರುತ್ತದೆ. ಅದಕ್ಕೇ ನಾವು ಅವನನ್ನು ಕರೆಯುವುದು ಸೀಟಿ ಎಂದೇ.

"ಒಂದು ಕಾರ್ ತಗೊಳ್ರಮ್ಮ," ಎಂದ ಸೀಟಿ. "ಹಳೇದು ಎಷ್ಟೋ ಸಿಗುತ್ತೆ. ಈ ಕಾಲದಲ್ಲೂ ಬಸ್ಸು ಬಸ್ಸು ಅಂತ ಕೂತಿದ್ದೀರಲ್ಲ."

"ತಗೋಬಹುದು ಸಾರ್," ಎಂದಳು ಅಕ್ಕ. "ಆದ್ರೆ ನಮ್ಮನೆಗಿಂತ ಕಾರೇ ದೊಡ್ಡದು. ಮನೇನ ಕಾರೊಳಗೆ ನಿಲ್ಲಿಸ್ಬೇಕಾಗುತ್ತೆ."

ಆಕ್ಷೇಪಣೆ ಕೊಡಲು ಇಲಾಖೆಯ ಕಚೇರಿಗೆ ನಾನೇ ಹೋದೆ. ಆ ಕಚೇರಿಗೆ ನಡೆದು ಹೋಗುವ ಬಾಗಿಲೇ ಇಲ್ಲ. ಕಾರು ಒಳಗೆ ಹೋಗುವ ಇಳಿಜಾರು, ಅದಕ್ಕೊಂದು ಅಡ್ಡಗಂಬ, ಪಕ್ಕದಲ್ಲಿ ಗೂಡಿನೊಳಗೆ ಕಾವಲುಗಾರ.

"ವಾಹನ ಎಲ್ಲಿ?" ಎಂದ.

"ಇವೇ," ಎಂದು ಕಾಲು ತೋರಿಸಿದೆ.

"ವಾಹನ ಇಲ್ದೆ ಒಳಗೆ ಬಿಡಂಗಿಲ್ಲ. ಅಪಾಯ."

"ಅಪಾಯ ಯಾರಿಂದ? ನನ್ನಿಂದ ಕಾರುಗಳಿಗಾ?"

ಅವನಿಗೂ ನಗು ಬಂತು. ಕೊನೆಗೆ ಯಂತ್ರದಿಂದ ನಿಲುಗಡೆ ಚೀಟಿ ಎಳೆದು ನನ್ನ ಕೈಗೆ ಕೊಟ್ಟು, ಅಡ್ಡಗಂಬ ಎತ್ತಿದ. ನಾನು ಕಾರಿನ ಹಾಗೆ ಒಳಗೆ ಹೋದೆ. ಹಿಂದಿನ ಕಾರು ಹಾರ್ನ್ ಹೊಡೆಯಿತು. ನಾನು ಇನ್ನಷ್ಟು ನಿಧಾನ ಮಾಡಿದೆ.

ಅರ್ಜಿಯಲ್ಲಿ ವಾಹನ ಸಂಖ್ಯೆ ಅಂತ ಒಂದು ಜಾಗವಿತ್ತು. ಖಾಲಿ ಬಿಟ್ಟರೆ ತೆಗೆದುಕೊಳ್ಳುವುದಿಲ್ಲ ಎಂದಳು ಕಿಟಕಿಯ ಹಿಂದಿನ ಗುಮಾಸ್ತೆ. ಚಪ್ಪಲಿ, ಏಳನೇ ನಂಬರ್ ಎಂದು ಬರೆದೆ. ಅವಳು ಓದದೆ ಮುದ್ರೆ ಹೊಡೆದಳು.

ಉತ್ತರ ಬಂತು. ಮತ್ತೊಮ್ಮೆ ಎಣಿಸುತ್ತೇವೆ. ಎರಡು ಗಂಟೆಯಲ್ಲಿ ಮುನ್ನೂರು ದಾಟುವಿಕೆ ಆದರೆ ಸಿಗ್ನಲ್ ಉಳಿಯುತ್ತದೆ. ಆಕ್ಷೇಪಣೆ ಕೊಟ್ಟವರು ಸಾಕ್ಷಿಯಾಗಿ ಹಾಜರಿರಬೇಕು. ಸಾಕ್ಷಿಯನ್ನು ಎಣಿಸುವುದಿಲ್ಲ. ಸಮಯ ಒಂಬತ್ತರಿಂದ ಹನ್ನೊಂದು.

ಫೋನ್ ಮಾಡಿ ಕೇಳಿದೆ. "ಆರಕ್ಕೆ ಬನ್ನಿ. ಇಲ್ಲಾಂದ್ರೆ ಮೂರಕ್ಕೆ ಬನ್ನಿ."

"ಆರಕ್ಕೆ ನಮ್ಮ ಆಫೀಸ್ ತೆಗೆದಿರಲ್ಲ. ಮೂರಕ್ಕೆ ಮೀಟಿಂಗ್ ಇರುತ್ತೆ," ಎಂದಿತು ಆ ಕಡೆಯ ಧ್ವನಿ.

ಶೀಟು ಮಡಿಸುತ್ತ ಅಕ್ಕನಿಗೆ ಹೇಳಿದೆ. ಅವಳು ಮೂಲೆ ಹಿಡಿದುಕೊಂಡು ಮುಂದೆ ಬಂದಳು.

"ಏನಂತ ಬರೆದಿದಾರೆ? ಮುನ್ನೂರು ಜನವಾ, ಮುನ್ನೂರು ದಾಟುವಿಕೆಯಾ?"

"ದಾಟುವಿಕೆ."

"ಹತ್ತಕ್ಕೆ ನಮಗೆ ಇಪ್ಪತ್ತು ನಿಮಿಷ ಬಿಡುವು ಅಲ್ವಾ," ಎಂದಳು. ಮೂಲೆ ನನ್ನ ಕೈಗಿಟ್ಟು ಹಿಂದೆ ಹೋದಳು. ಅವಳ ಮುಖದಲ್ಲಿ ಆ ನಗು ಇತ್ತು. ಚಿಕ್ಕವಳಿದ್ದಾಗ ಅಕ್ಕ ಹಾಗೆ ನಕ್ಕಾಗಲೆಲ್ಲ ಏಟು ತಿಂದವಳು ನಾನು. ಸಂಜೆಯೊಳಗೆ ಮಾತು ಎಲ್ಲ ಮೇಜುಗಳಿಗೂ ಹೋಯಿತು.

ಎಣಿಸುವ ದಿನ ನಾನು ಅರ್ಧ ದಿನ ರಜೆ ಹಾಕಿ ಬಸ್ ಸ್ಟಾಪಿನಲ್ಲಿ ನಿಂತೆ. ಒಂಬತ್ತಕ್ಕೆ ಎಣಿಕೆಯವರು ಕಾರಿನಲ್ಲಿ ಬಂದರು. ಐವತ್ತು ದಾಟಿದ ಮನುಷ್ಯ. ಕಾರನ್ನು ತಂದು ಬಸ್ಸು ನಿಲ್ಲುವ ಜಾಗದಲ್ಲೇ ನಿಲ್ಲಿಸಿದರು. ಬಸ್ಸು ಮುಂದೆ ಹೋಗಿ ನಿಂತಿತು, ಜನ ಬಸ್ಸಿನ ಹಿಂದೆ ಓಡಿದರು. ಎಣಿಕೆಯವರು ಕಿಟಕಿ ಏರಿಸಿ, ಒಳಗೆ ತಂಪು ಹಾಕಿಕೊಂಡು, ಎಣಿಸುವ ಪುಟ್ಟ ಯಂತ್ರವನ್ನು ಕೈಯಲ್ಲಿ ಹಿಡಿದು ಕುಳಿತರು. ಒಬ್ಬರು ದಾಟಿದರೆ ಒಮ್ಮೆ ಒತ್ತುವುದು. ನಾನು ಬಿಸಿಲಲ್ಲಿ ನಿಂತೆ. ಒಳಗೆ ಬನ್ನಿ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಹತ್ತು ಗಂಟೆಗೆ ಯಂತ್ರದಲ್ಲಿ ಹನ್ನೊಂದು ಇತ್ತು. ಎಣಿಕೆಯವರು ಕಿಟಕಿ ಇಳಿಸಿ ನನ್ನ ಮೇಲೆ ಕರುಣೆ ತೋರಿಸಿದರು. "ನೋಡಮ್ಮ, ಸುಮ್ನೆ ನಿಮಗೂ ತೊಂದರೆ, ನಮಗೂ ತೊಂದರೆ. ಈಗ ಯಾರ್ರಿ ನಡೀತಾರೆ?"

ಆಗ ಲಾಂಡ್ರಿಯ ಗೇಟು ತೆರೆಯಿತು.

ಮೂವತ್ತಾರು ಜನ ಹೊರಗೆ ಬಂದರು. ಮಡಿಸುವವರು, ಒಗೆಯುವವರು, ಗಂಟು ಕಟ್ಟುವವರು, ಬಾಯ್ಲರಿನವರು. ಗುಂಡಿ ಒತ್ತಿದರು. ಎರಡು ನಿಮಿಷ ಕಾದರು. ಹಸಿರು ಬಂತು. ದಾಟಿದರು. ಬಸ್ ಸ್ಟಾಪಿಗೆ ಬಂದು ನನಗೆ ನಮಸ್ಕಾರ ಹೇಳಿದರು, ಎಣಿಕೆಯವರಿಗೂ ಹೇಳಿದರು. ತಿರುಗಿ ನಿಂತು ಗುಂಡಿ ಒತ್ತಿದರು. ಅಕ್ಕ ಮಾತ್ರ ನಡುವಿನ ಕಟ್ಟೆಯಲ್ಲಿ ಉಳಿದು, ಎರಡನೇ ಹಸಿರಿಗೆ ಈ ಕಡೆ ಬಂದಳು. ಬಗಲಲ್ಲಿ ದೊಡ್ಡ ಫ್ಲಾಸ್ಕು. ಬಂದವಳೇ ಬೆಂಚಿನ ಮೇಲೆ ಕುಳಿತು ಕಾಲು ಚಾಚಿದಳು.

"ಬಿಸಿಲಲ್ಲಿ ಬಂದಿದೀರಾ ಸಾರ್. ಒಂದು ಲೋಟ ಟೀ ಕುಡೀರಿ."

ಎಣಿಕೆಯವರು ಬೇಡವೆನ್ನಲಿಲ್ಲ. ಒಂದು ಕೈಯಲ್ಲಿ ಟೀ, ಇನ್ನೊಂದು ಕೈಯಲ್ಲಿ ಯಂತ್ರ. ಮೂವತ್ತೈದು ಜನ ಹೋದರು. ಮೂವತ್ತೈದು ಜನ ಬಂದರು. ಶೀಟು ಮಡಿಸುವವರ ಹೆಜ್ಜೆ ಅಳತೆಯ ಹೆಜ್ಜೆ. ಮುಂದೆ, ಹಿಂದೆ, ಮತ್ತೆ ಮುಂದೆ. ಮೂರನೇ ಸಲ ಬಂದಾಗ ಎಣಿಕೆಯವರು ಕನ್ನಡಕ ತೆಗೆದು ಒರೆಸಿಕೊಂಡರು. ನಾಲ್ಕನೇ ಸಲಕ್ಕೆ ಕಾರಿನಿಂದ ಇಳಿದರು. ಎರಡೂ ಕಡೆ ಕಾರುಗಳ ಸಾಲು ಕಣ್ಣು ಹರಿಯುವವರೆಗೆ ನಿಂತಿತ್ತು. ಹಾರ್ನ್ ಕಿವಿ ಹರಿಯುತ್ತಿತ್ತು. ಬಾಯ್ಲರಿನ ದೊಡ್ಡಪ್ಪ ಪ್ರತಿ ಸಲ ದಾಟುವಾಗಲೂ ಕಾರಿನವರಿಗೆ ಕೈ ಮುಗಿಯುತ್ತಿದ್ದ.

"ಇದೇನ್ರಿ ಇದು? ಅವೇ ಮುಖಗಳು," ಎಂದರು ಎಣಿಕೆಯವರು.

"ನೀವು ಎಣಿಸೋದು ಮುಖಾನಾ, ಕಾಲಾ?" ಎಂದೆ.

"ಒಬ್ಬರನ್ನೇ ಎಷ್ಟು ಸಲ ಎಣಿಸೋದು?"

"ಸಾರ್, ರಸ್ತೆ ಅಗಲ ಮಾಡೋವಾಗ ಕಾರು ಎಣಿಸಿದ್ರಲ್ಲ. ಬೆಳಿಗ್ಗೆ ಹೋದ ಕಾರು ಸಂಜೆ ಬಂದಾಗ, ಇದು ಅದೇ ಮುಖ ಅಂತ ಬಿಟ್ರಾ?"

ಅವರು ಕಾಗದ ತೆಗೆದು ಓದಿದರು. ದಾಟುವಿಕೆ ಎಂದೇ ಇತ್ತು. ಎರಡು ಸಲ ಓದಿದರೂ ಹಾಗೇ ಇತ್ತು. ದೊಡ್ಡ ಸಾಹೇಬರಿಗೆ ಫೋನ್ ಮಾಡಿದರು. ಬೆವರುತ್ತ ಮಾತಾಡಿದರು. ಈ ನಡುವೆ ನಮ್ಮವರು ನಿಲ್ಲಿಸಲಿಲ್ಲ. ಐದು, ಆರು, ಏಳು, ಎಂಟು. ಎಂಟನೇ ಸಲಕ್ಕೆ ಅವರು ಲಾಂಡ್ರಿ ಗೇಟಿನಲ್ಲಿದ್ದರು, ಬಿಡುವೂ ಮುಗಿದಿತ್ತು. ಯಂತ್ರದಲ್ಲಿ ಇನ್ನೂರ ತೊಂಬತ್ತೆರಡು.

ದೊಡ್ಡ ಸಾಹೇಬರ ತೀರ್ಪು ಬಂತು. ಆಗಿದ್ದು ಆಗಿಹೋಯಿತು. ಇನ್ನು ಮೇಲೆ ಆ ಕಡೆ ನಿಜವಾದ ಕೆಲಸ ಇದ್ದು ದಾಟಿದವರನ್ನು ಮಾತ್ರ ಎಣಿಸಬೇಕು. ಕಾರಣ ಕೇಳಿ ಬರೆದುಕೊಳ್ಳಬೇಕು. ನಾವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರಿದರು. ಎಣಿಕೆಯವರು ಕಾಗದದ ಮೇಲೆ ಗೆರೆ ಎಳೆದು "ಕಾರಣ" ಎಂದು ತಲೆಬರಹ ಹಾಕಿದರು.

ಆ ಕಡೆಯ ಗೇಟಿನಲ್ಲಿ ಸೀಟಿ ನಿಂತಿದ್ದ. ಎಲ್ಲರನ್ನೂ ಒಳಗೆ ತಳ್ಳಿ ಸೀಟಿ ಊದಿದ. ಅಕ್ಕ ಬೆಂಚಿನಿಂದ ಏಳಲಿಲ್ಲ. ಅವನು ಮತ್ತೆ ಊದಿದ. ಆಮೇಲೆ ಅಕ್ಕನ ಫೋನಿಗೆ ಕರೆ ಮಾಡಿದ. ಅವಳು ಜೋರಾಗಿ ಕೇಳಿಸುವ ಹಾಗೆ ಮಾಡಿ ಬೆಂಚಿನ ಮೇಲಿಟ್ಟಳು.

"ಬಿಡುವು ಮುಗೀತು. ಬರ್ತೀಯೋ, ಅರ್ಧ ದಿನ ಕಟ್ ಮಾಡ್ಲೋ?"

"ಬರೋದು ಹೇಗೆ ಸಾರ್? ಇಲ್ಲಿ ಯಾರೂ ದಾಟಲ್ಲ ಅಂತ ಇಲಾಖೆಯವರೇ ಬರೆದಿದಾರೆ."

"ತಮಾಷೆ ಮಾಡ್ಬೇಡ. ಎದ್ದು ಬಾ."

"ಇಲ್ಲ," ಎಂದಳು ಅಕ್ಕ. ಈ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ಎರಡು ವರ್ಷದಿಂದ ನೀವು ಊದಿದಾಗೆಲ್ಲ ಈ ಕಾಲು ಎಳ್ಕೊಂಡು ಓಡಿ ಬಂದಿದೀನಿ. ಇವತ್ತು ಬರಲ್ಲ. ಕಟ್ ಮಾಡ್ಕೊಳ್ಳಿ. ಹನ್ನೊಂದು ಗಂಟೆವರೆಗೂ ನಾನು ಇಲ್ಲೇ ಕೂತಿರ್ತೀನಿ."

ಫೋನ್ ಮುಚ್ಚಿದಳು. ಎಣಿಕೆಯವರಿಗೆ ಇನ್ನೊಂದು ಲೋಟ ಟೀ ಬಗ್ಗಿಸಿದಳು. "ತಣ್ಣಗಾಗೋದ್ರೊಳಗೆ ಕುಡೀರಿ ಸಾರ್."

ಎಣಿಕೆಯವರು ಕುಡಿದರು. ಅದು ಮೂರನೆಯದು.

ಆಮೇಲೆ ಬಂದವರು ಐದೇ ಜನ. ಸೈಕಲ್ ತಳ್ಳಿಕೊಂಡು ಬಂದವನಿಗೆ ಕಾರಣ ಪಂಕ್ಚರ್ ಅಂಗಡಿ. ಅವನನ್ನು ವಾಹನ ಎನ್ನಬೇಕೋ ಕಾಲು ಎನ್ನಬೇಕೋ ಎಂದು ಎಣಿಕೆಯವರು ಯೋಚಿಸಿದರು. ತಳ್ಳುತ್ತಿರುವುದರಿಂದ ಕಾಲು ಎಂದು ನಾನು ತೀರ್ಮಾನ ಕೊಟ್ಟೆ. ಇಬ್ಬರು ಹುಡುಗಿಯರಿಗೆ ಕಾರಣ ಪರೀಕ್ಷೆ. ಒಬ್ಬ ನರ್ಸಿಗೆ ಬಸ್ಸು. ಒಬ್ಬ ಅಜ್ಜನನ್ನು ಕೇಳಿದರೆ, "ಆ ಕಡೆ ನೆರಳಿದೆ," ಎಂದ.

"ನೆರಳು ಕಾರಣ ಆಗಲ್ಲ," ಎಂದರು ಎಣಿಕೆಯವರು.

"ನೀವು ಕಾರೊಳಗೆ ತಂಪು ಹಾಕ್ಕೊಂಡಿದ್ರಲ್ಲ ಸಾರ್, ಯಾವ ಕಾರಣಕ್ಕೆ?" ಎಂದಳು ಅಕ್ಕ. ಅಜ್ಜನನ್ನು ಎಣಿಸಿದರು. ನಾಲ್ಕನೇ ಲೋಟ ಟೀ ಕುಡಿದರು.

ಹತ್ತು ಐವತ್ತು. ಇನ್ನೂರ ತೊಂಬತ್ತೇಳು. ರಸ್ತೆಯ ಎರಡೂ ಕಡೆ ಒಂದು ನರಪಿಳ್ಳೆ ಇಲ್ಲ. ಅಕ್ಕ ವಾಪಸು ಹೋದರೆ ತೊಂಬತ್ತೆಂಟು. ಇನ್ನೆರಡು ಎಲ್ಲಿಂದ ತರುವುದು? ಸಾಕ್ಷಿಯನ್ನು ಎಣಿಸುವುದಿಲ್ಲ. ನನ್ನ ಎರಡು ಕಾಲು ನನಗೇ ದಂಡವಾಗಿ ನಿಂತಿದ್ದವು. ಎರಡೇ ಎರಡಕ್ಕೆ ಅಕ್ಕನ ಕೆಲಸ ಹೋಗುತ್ತದೆ. ನಾಳೆಯಿಂದ ಶೀಟಿನ ಆ ಕಡೆಯ ಮೂಲೆ ಬೇರೆ ಯಾರೋ ಹಿಡಿಯುತ್ತಾರೆ.

ಆಗ ನೋಡಿದೆ. ಎಣಿಕೆಯವರು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಿದ್ದರು. ಗಡಿಯಾರ ನೋಡಿದರು. ಪೊದೆ ಇದೆಯೇ ಎಂದು ಸುತ್ತ ನೋಡಿದರು. ಆ ಮುಖ ನಮಗೆ ಚೆನ್ನಾಗಿ ಗೊತ್ತು. ಇದೇ ಸ್ಟಾಪಿನಲ್ಲಿ ಒಂದು ಗಂಟೆ ಬಸ್ಸು ಬಾರದಿದ್ದಾಗ ನಮಗೂ ಅದೇ ಮುಖ ಬರುತ್ತದೆ. ಯಾರೂ ಬಂದು ಎಣಿಸುವುದಿಲ್ಲ.

"ಇಲ್ಲಿ ಹತ್ತಿರ ಎಲ್ಲಾದ್ರೂ... ವ್ಯವಸ್ಥೆ..."

"ಇದೆ ಸಾರ್," ಎಂದಳು ಅಕ್ಕ, ಹಾಲಿನಂಥ ಮುಖ ಮಾಡಿ. "ನಮ್ಮ ಲಾಂಡ್ರಿ ಗೇಟಿನ ಪಕ್ಕದಲ್ಲೇ. ಅಲ್ಲೇ ಕಾಣುತ್ತಲ್ಲ, ನೀಲಿ ಬಾಗಿಲು."

ಅವರು ಕಾರಿನ ಬೀಗದ ಕೈ ತೆಗೆದರು.

"ಕಾರಲ್ಲಿ ಹೋಗ್ತೀರಾ? ಮೂರು ಕಿಲೋಮೀಟರ್ ಮುಂದೆ ಹೋಗಿ ತಿರುಗಿಸ್ಕೊಂಡು, ಮೂರು ಕಿಲೋಮೀಟರ್ ವಾಪಸ್ ಬರ್ಬೇಕು. ಆಗುತ್ತಾ?"

ಅವರು ನೀಲಿ ಬಾಗಿಲು ನೋಡಿದರು. ರಸ್ತೆ ನೋಡಿದರು. ಆಗಲ್ಲ ಎಂದು ಮುಖವೇ ಹೇಳಿತು. ಯಂತ್ರವನ್ನೂ ಕಾಗದವನ್ನೂ ನನ್ನ ಕೈಗೆ ತುರುಕಿ, ತಾವೇ ಹೋಗಿ ಗುಂಡಿ ಒತ್ತಿದರು. ಒಂದು ಸಲ ಅಲ್ಲ, ಹತ್ತು ಸಲ. ಎಷ್ಟು ಒತ್ತಿದರೂ ಅದಕ್ಕೆ ಎರಡೇ ನಿಮಿಷ.

ಹಸಿರು ಬಂದಾಗ ಅಕ್ಕ ಅವರ ಮೊಣಕೈ ಹಿಡಿದುಕೊಂಡಳು. "ನಾನೂ ಕೆಲಸಕ್ಕೆ ಹೋಗ್ತೀನಿ ಸಾರ್. ಸ್ವಲ್ಪ ಕೈ ಕೊಡಿ. ಕಾಲು ಸರಿ ಇಲ್ಲ."

ಕೈ ಬಿಡಿಸಿಕೊಂಡು ಓಡುವಷ್ಟು ಕೆಟ್ಟವರಲ್ಲ ಅವರು. ಅದೇ ಅವರ ಗ್ರಹಚಾರ. ಅಕ್ಕನ ಹೆಜ್ಜೆಗೆ ಹೆಜ್ಜೆ ಹಾಕಿದರು. ನಡುವಿನ ಕಟ್ಟೆ ಹತ್ತಿದ ಮೇಲೆ ಹಸಿರು ಹೋಯಿತು. ಲಾರಿಗಳು ಹೊರಟವು. ಎರಡು ನಿಮಿಷ ಇಬ್ಬರೂ ಆ ಮೊಳದಗಲದ ಕಟ್ಟೆಯ ಮೇಲೆ ನಿಂತರು. ಅವರ ಅಂಗಿ ಗಾಳಿಗೆ ಹಾರುತ್ತಿತ್ತು. ಕಾಲು ಒಂದಕ್ಕೊಂದು ಹೆಣೆದುಕೊಂಡಿತ್ತು. ನಾನು ನಗಬಾರದು ಎಂದು ತುಟಿ ಕಚ್ಚಿದೆ.

ಅಲ್ಲಿ ನಡೆದ ಮಾತು ಆಮೇಲೆ ಅಕ್ಕ ಹೇಳಿದ್ದು. "ದಿನಾ ಹೀಗೇ ನಿಲ್ತೀರಾ?" ಎಂದು ಕೇಳಿದರಂತೆ.

"ಇಲ್ಲ ಸಾರ್. ಮಳೆ ಬಂದಾಗ ಇನ್ನೂ ಚೆನ್ನಾಗಿರುತ್ತೆ," ಎಂದಳಂತೆ ಇವಳು.

ಎರಡನೇ ಹಸಿರಿಗೆ ಆ ಕಡೆ ಮುಟ್ಟಿದರು. ನಾನು ಎರಡು ಸಲ ಒತ್ತಿದೆ. ಇನ್ನೂರ ತೊಂಬತ್ತೊಂಬತ್ತು. ಅವರು ನೀಲಿ ಬಾಗಿಲ ಕಡೆಗೆ ಓಡಿದರು. ನಾನು ಈ ಕಡೆಯ ಗುಂಡಿ ಒತ್ತಿ ನಿಂತೆ, ಅವರಿಗೆ ಕಾಯುವುದು ಬೇಡವೆಂದು.

ಹತ್ತು ಐವತ್ತೆಂಟಕ್ಕೆ ಅವರು ವಾಪಸು ಬಂದರು. ಹಗುರಾಗಿ, ನಿಧಾನವಾಗಿ, ಬಿಳಿ ಪಟ್ಟೆಯ ಮೇಲೆ ಕಾಲಿಡುತ್ತ. ನಾನು ಒತ್ತಿದೆ.

"ಮುನ್ನೂರು ಸಾರ್."

ಅವರು ಯಂತ್ರ ನೋಡಿದರು. "ನನ್ನನ್ನೂ ಎಣಿಸಿದ್ರಾ? ನಾನು ಲೆಕ್ಕಕ್ಕಿಲ್ಲ."

"ಸಾಕ್ಷಿಯನ್ನ ಎಣಿಸಬಾರದು ಅಂತ ಬರೆದಿದೆ. ಎಣಿಸೋರನ್ನ ಎಣಿಸಬಾರದು ಅಂತ ಎಲ್ಲೂ ಇಲ್ಲ. ಹೋಗೋಕೆ ನಿಮಗೆ ನಿಜವಾದ ಕೆಲಸ ಇತ್ತೋ ಇಲ್ವೋ?"

ಅವರು ನೀಲಿ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದರು.

"ಬರೋಕೆ ಏನು ಕಾರಣ ಅಂತ ಬರೀಲಿ?"

"ಕಾರ್ ಇಲ್ಲಿತ್ತಲ್ಲಮ್ಮ," ಎಂದರು.

ಹಾಗೇ ಬರೆದೆ. ಅವರು ಕಾಗದ ತೆಗೆದುಕೊಂಡು ಮೇಲಿಂದ ಕೆಳಗೆ ಓದಿದರು. ಪೆನ್ನು ತೆಗೆದು ಕೆಳಗೆ ತಮ್ಮ ಕೈಯಿಂದ ಒಂದು ಸಾಲು ಸೇರಿಸಿದರು. ಇಪ್ಪತ್ತು ಸೆಕೆಂಡು ಸಾಲದು. ಸಹಿ ಹಾಕಿದರು. ಕಾರು ಹತ್ತಿ, ಕಿಟಕಿ ಏರಿಸದೆ ಹೋದರು.

ಸೀಟಿ ಅಕ್ಕನ ಅರ್ಧ ದಿನ ಕಟ್ ಮಾಡಿದ. ಮಾಡಲಿ. ಒಂದು ತಿಂಗಳಾದ ಮೇಲೆ ಹಲಗೆ ಹೋಯಿತು. ಹಸಿರು ಮೂವತ್ತೈದು ಸೆಕೆಂಡಿಗೆ ಏರಿತು. ಫ್ಲಾಸ್ಕಿನ ವಿಷಯ ಅಕ್ಕನನ್ನು ಎಷ್ಟು ಕೇಳಿದರೂ ಒಂದೇ ಉತ್ತರ: "ಪಾಪ, ಬಿಸಿಲಲ್ಲಿ ಬಂದಿದ್ರಲ್ಲೇ."

ಈಗ ಅವಳು ಒಂದೇ ಹಸಿರಿಗೆ ದಾಟುತ್ತಾಳೆ. ಮೂವತ್ತು ಸೆಕೆಂಡು ಸಾಕು. ಆದರೆ ಕೊನೆಯ ಸಾಲಿಗೆ ಬಂದಾಗ ನಿಂತು, ಬಗ್ಗಿ, ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಾಳೆ. ಸರಿಯಾಗಿಯೇ ಇರುವ ಪಟ್ಟಿ. ಎದುರಿಗೆ ಕಾರುಗಳು ಗುರುಗುಡುತ್ತಿರುತ್ತವೆ.

"ಬೇಗ ಬಾರೇ ಅಕ್ಕ," ಎಂದೆ ಮೊದಲ ದಿನ, ಆಗಲೇ ಆ ಕಡೆ ಮುಟ್ಟಿದ್ದ ನಾನು.

"ಇನ್ನೂ ಐದು ಸೆಕೆಂಡಿದೆ," ಎಂದಳು ಬಗ್ಗಿದಲ್ಲಿಂದಲೇ. "ಅದು ನಂದು."